ಬ್ರಸೆಲ್ಸ್ ಸ್ಪ್ರೌಟ್ಸ್ ಬಿರಿದುಕೊಳ್ತಿದ್ರೆ ಮಣ್ಣು ತುಳೀರಿ

ಇಂಗ್ಲೆಂಡಿನ ನಮ್ಮ ಹಿತ್ತಲಲ್ಲಿ ಹೋದ ವರ್ಷ ಬ್ರಸೆಲ್ಸ್ ಸ್ಪ್ರೌಟ್ಸ್ ಗಿಡವೇನೋ ಸೊಂಟದೆತ್ತರ ಬೆಳೆದಿತ್ತು, ಆದರೆ ಕಾಂಡದ ತುಂಬ ಬಿಟ್ಟ ಮರಿಕೋಸುಗಳೆಲ್ಲ ಬಿರಿದು ಎಲೆ ಎಲೆಯಾಗಿ ಹರಡಿಕೊಂಡಿದ್ದವು. ಕಾರಣ ಸಡಿಲ ಮಣ್ಣು. ಗಾಳಿಗೆ ಗಿಡ ಅಲ್ಲಾಡಿದರೆ ಬೇರಿಗೆ ಹಿಡಿತ ಸಿಗಲ್ಲ, ಮರಿಕೋಸು ಗಟ್ಟಿಯಾಗಲ್ಲ. ಸಾರಜನಕ ಜಾಸ್ತಿಯಾದರೂ ಇದೇ ಕಥೆ.

ಈ ಸಲ ನೆಡುವ ಮುಂಚೆ ಪಾತಿ ಅಗೆಯಲೇ ಇಲ್ಲ. ಹಿಮ್ಮಡಿಯಲ್ಲಿ ಚೆನ್ನಾಗಿ ತುಳಿದು, 60 ಸೆಂ.ಮೀ. ಅಂತರದಲ್ಲಿ ಸಸಿ ಆಳಕ್ಕೆ ನೆಟ್ಟು, ಬುಡ ಒತ್ತಿದೆ. ಎಲೆ ಹಿಡಿದು ಎಳೆದರೆ ಎಲೆ ಹರಿಯಬೇಕು, ಸಸಿ ಕದಲಬಾರದು, ಅಷ್ಟು ಬಿಗಿ. ಸೆಪ್ಟೆಂಬರ್‌ನಲ್ಲಿ ಬುಡಕ್ಕೆ ಮಣ್ಣು ಏರಿಸಿ ಗೂಟ ಕಟ್ಟಿದೆ.

ಈಗ ಒಂದೊಂದೂ ಗೋಲಿಯಂತೆ ಗಟ್ಟಿ. ಕೆಳಗಿನಿಂದ ಕೊಯ್ಯುತ್ತಾ ಹೋಗಿ, ಹಿಮಗಟ್ಟುವ ಚಳಿ ಬಿದ್ದ ಮೇಲಾದರೆ ಇನ್ನೂ ಸಿಹಿ. ನಾನಂತೂ ಸಾಸಿವೆ, ಕಡಲೆಬೇಳೆ ಒಗ್ಗರಣೆ ಹಾಕಿ ಪಲ್ಯ ಮಾಡೋದು, ಸುಮ್ನೆ ಬೇಯಿಸಿ ತಿನ್ನೋಕೆ ನನ್ನ ಕೈಲಾಗಲ್ಲ.