ಹೊಟ್ಟೆಯ ಆಪರೇಷನ್‌ಗೆ ವಿಮೆ ಸಿಗುತ್ತಾ? ಅಡ್ಮಿಟ್ ಆಗುವ ಮುಂಚೆ ಇಷ್ಟು ಮಾಡಿ

ಸಿಸೇರಿಯನ್ ಆದ ಮೇಲೆ ಕೆಲವರಿಗೆ ಹೊಕ್ಕುಳ ಹತ್ತಿರ ಗಂಟು ಕಾಣಿಸುತ್ತದೆ. ಕೆಮ್ಮಿದರೆ ಉಬ್ಬುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಅದು ಹರ್ನಿಯಾ ಇರಬಹುದು, ಅಂದರೆ ಹೊಟ್ಟೆಯ ಗೋಡೆ ದುರ್ಬಲವಾದ ಕಡೆ ಒಳಗಿನ ಭಾಗ ಹೊರಕ್ಕೆ ಉಬ್ಬುವುದು. ಜೊತೆಗೆ ಹೊಟ್ಟೆಯ ಚರ್ಮವೂ ಜೋತುಬಿದ್ದಿದ್ದರೆ ಎರಡನ್ನೂ ಒಟ್ಟಿಗೇ ಸರಿಮಾಡಿಸೋಣ ಅನ್ನಿಸುತ್ತದೆ, ಅಲ್ವಾ? ಆದರೆ ವಿಮೆಯ ಲೆಕ್ಕದಲ್ಲಿ ಹರ್ನಿಯಾ ಕಾಯಿಲೆ. ಚರ್ಮ ಕತ್ತರಿಸಿ ಹೊಟ್ಟೆ ಬಿಗಿ ಮಾಡುವ ಟಮ್ಮಿ ಟಕ್ ಸಾಮಾನ್ಯವಾಗಿ ಅಂದದ ಖರ್ಚು.

ಮೊದಲು ಪಾಲಿಸಿಯಲ್ಲಿ ಯಾವುದಕ್ಕೆ ಹಣ ಸಿಗುವುದಿಲ್ಲ ಎಂಬ ಭಾಗ ಓದಿ. ಅಂದಕ್ಕಾಗಿ ಮಾಡುವ ಸರ್ಜರಿ ಅಲ್ಲಿರುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಮಾಡುವ ಸರ್ಜರಿಗೆ ವಿನಾಯಿತಿ ಇದೆ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ಇದೆ ಎಂದು ಚಿಕಿತ್ಸೆ ಕೊಡುವ ಡಾಕ್ಟರು ಬರೆದುಕೊಟ್ಟರೂ ಇದೆ. ಹರ್ನಿಯಾಕ್ಕೆ ಹಲವು ಪಾಲಿಸಿಗಳಲ್ಲಿ ಪಾಲಿಸಿ ಮಾಡಿಸಿದ ಮೇಲೆ 2 ವರ್ಷ ಕಾಯಬೇಕು. ಅದನ್ನೂ ನೋಡಿಕೊಳ್ಳಿ.

ಇನ್ನು ಡಾಕ್ಟರ ಚೀಟಿ. ನನ್ನ ಪ್ರಕಾರ ಕ್ಲೇಮು ನಿಲ್ಲುವುದೂ ಬೀಳುವುದೂ ಇಲ್ಲೇ. ‘ಹೊಟ್ಟೆ ಸಡಿಲವಾಗಿದೆ’ ಎಂದಷ್ಟೇ ಇದ್ದರೆ ಸಾಲದು. ಹರ್ನಿಯಾ ಎಷ್ಟು ಸೆಂಟಿಮೀಟರ್, ಸ್ಕ್ಯಾನಿಂಗಿನಲ್ಲಿ ಏನು ಕಂಡಿತು, ನೋವು ಎಷ್ಟು ದಿನದಿಂದ, ಕರುಳು ಸಿಕ್ಕಿಕೊಳ್ಳುವ ಭಯ ಇದೆಯಾ, ಎಲ್ಲ ಬರಬೇಕು. ನಮ್ಮ ಕರಾವಳಿಯ ಸೆಕೆಗೆ ಚರ್ಮದ ಮಡಿಕೆಯಲ್ಲಿ ಬೆವರು ನಿಂತು ಹುಣ್ಣಾಗುವುದುಂಟು. ಅದಕ್ಕೆ ತೋರಿಸಿದ ಹಳೇ ಚೀಟಿ, ಮುಲಾಮಿನ ಬಿಲ್ಲು ಎಸೆಯಬೇಡಿ. ಇಲ್ಲದ ಕಾಯಿಲೆಯನ್ನು ಮಾತ್ರ ಬರೆಸಬೇಡಿ. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು.

ಎರಡೂ ಆಪರೇಷನ್ ಒಟ್ಟಿಗೆ ಮಾಡಿಸುವುದಾದರೆ ಅಂದಾಜು ಖರ್ಚನ್ನು ಬೇರೆ ಬೇರೆ ಬರೆಸಿಕೊಳ್ಳಿ. ಹರ್ನಿಯಾಕ್ಕೆ ಒಳಗೆ ಹಾಕುವ ಬಲೆ (ಮೆಶ್), ಸರ್ಜನ್ ಫೀಸು ಒಂದು ಕಡೆ, ಟಮ್ಮಿ ಟಕ್ ಇನ್ನೊಂದು ಕಡೆ. ಇಡೀ ಬಿಲ್ಲಿಗೆ ಒಂದೇ ಹೆಸರಿದ್ದರೆ ಪೂರ್ತಿ ಕ್ಲೇಮಿಗೇ ಕುತ್ತು.

ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳ ಕಡೆಯವರು ಮಣಿಪಾಲ, ಮಂಗಳೂರಿಗೆ ಹೋಗುವುದು ಜಾಸ್ತಿ. ಹೊರಡುವ ಮುಂಚೆಯೇ ಆ ಆಸ್ಪತ್ರೆ ನಿಮ್ಮ ವಿಮಾ ಕಂಪನಿಯ ನೆಟ್‌ವರ್ಕ್‌ನಲ್ಲಿ, ಅಂದರೆ ಅದರ ಜೊತೆ ಒಪ್ಪಂದ ಇರುವ ಆಸ್ಪತ್ರೆಗಳ ಪಟ್ಟಿಯಲ್ಲಿ ಇದೆಯಾ ಕೇಳಿ. ಸುಮ್ನೆ ಅಷ್ಟು ದೂರ ಹೋಗಿ ಕೈಯಿಂದ ಹಣ ಕಟ್ಟುವುದು ಯಾಕೆ? ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಕ್ಯಾಶ್‌ಲೆಸ್ ಅರ್ಜಿಗೆ ಕಂಪನಿ 1 ಗಂಟೆಯೊಳಗೆ ಉತ್ತರ ಕೊಡಬೇಕು ಎಂಬುದು 2024ರ ನಿಯಮ.

ಕ್ಲೇಮು ತಿರಸ್ಕಾರವಾದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರವಣಿಗೆಯಲ್ಲೇ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, 1 ವರ್ಷದೊಳಗೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಫೀಸಿಲ್ಲ, ವಕೀಲರೂ ಬೇಡ. ದೂರನ್ನು ಆನ್‌ಲೈನ್‌ನಲ್ಲೇ ಹಾಕಬಹುದು.