ಇಮೇಲ್ ಖಾತೆಗೆ ಹೊರಗಿನ ತಂತ್ರಾಂಶಗಳ ಪ್ರವೇಶವನ್ನು ನಾನು ಹದಕ್ಕೆ ತಂದ ಬಗೆ

ಇಮೇಲ್ ಅನ್ನು ಬ್ರೌಸರಿನಲ್ಲಿ ಓದುವುದಕ್ಕಿಂತ ಪ್ರತ್ಯೇಕ ತಂತ್ರಾಂಶದಲ್ಲಿ ಓದುವುದೇ ನನಗೆ ಮೊದಲಿನಿಂದಲೂ ರೂಢಿ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್, ಫೋನಿನಲ್ಲಿ ಇನ್ನೊಂದು ಮೇಲ್ ಆಪ್, ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ನೇರವಾಗಿ ಇಮೇಲ್ ಮಾಡುವ ಒಂದು ಪ್ರಿಂಟರ್, ಇವಿಷ್ಟೂ ಒಂದೇ ಖಾತೆಯ ಒಂದೇ ಪಾಸ್‌ವರ್ಡಿನಿಂದ ವರ್ಷಗಟ್ಟಲೆ ನಡೆದವು. ಯಾವ ಸಾಧನಕ್ಕೆ ಯಾವ ದಾರಿಯಿಂದ ಪ್ರವೇಶ ಕೊಟ್ಟಿದ್ದೇನೆ ಎಂಬ ಲೆಕ್ಕವನ್ನು ನಾನು ಇಟ್ಟಿರಲಿಲ್ಲ. ಇಡತೊಡಗಿದ್ದು ಒಂದು ಬೆಳಿಗ್ಗೆ ಇನ್‌ಬಾಕ್ಸ್ ಬರಿದಾದ ಮೇಲೆ.

ಅಂದು ಫೋನಿನಲ್ಲಿ ಮೇಲ್ ತೆರೆದಾಗ ರಾತ್ರಿ ಬಂದಿದ್ದ ಎರಡು ಸಂದೇಶಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಯಾರೋ ಖಾತೆಗೆ ನುಗ್ಗಿದ್ದಾರೆಂದು ಹೆದರಿ ಪಾಸ್‌ವರ್ಡ್ ಬದಲಾಯಿಸಿದೆ, ಲಾಗಿನ್ ಆದ ಸಾಧನಗಳ ಪಟ್ಟಿಯನ್ನು ನೋಡಿದೆ, ಅಪರಿಚಿತವಾದದ್ದು ಒಂದೂ ಕಾಣಲಿಲ್ಲ. ಹಿಂದಿನ ಸಂಜೆ ಕೆಲವು ಫೋಟೋಗಳಿಗಾಗಿ ಹಳೆಯ ಲ್ಯಾಪ್‌ಟಾಪ್ ತೆರೆದಿದ್ದು ಆಮೇಲೆ ನೆನಪಾಯಿತು. ಅದನ್ನು ಮತ್ತೆ ತೆರೆದು ನೋಡಿದರೆ, ನಾನು ಮರೆತೇಬಿಟ್ಟಿದ್ದ ಮೇಲ್ ತಂತ್ರಾಂಶ ತಾನೇತಾನಾಗಿ ಶುರುವಾಗಿ, ಸರ್ವರಿನಲ್ಲಿದ್ದ ಅಂಚೆಯನ್ನೆಲ್ಲ ಇಳಿಸಿಕೊಂಡು, ಅಲ್ಲಿಂದ ಅಳಿಸಿಯೂ ಹಾಕಿತ್ತು. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ‘ಸಂದೇಶಗಳ ಪ್ರತಿಯನ್ನು ಸರ್ವರಿನಲ್ಲಿ ಉಳಿಸು’ ಎಂಬ ಚೌಕದಲ್ಲಿ ಗುರುತು ಇರಲಿಲ್ಲ. ಅದನ್ನು ಹಾಗೆ ಬಿಟ್ಟವನು ನಾನೇ.

ಆ ಲ್ಯಾಪ್‌ಟಾಪ್ ಬಳಸುತ್ತಿದ್ದದ್ದು, ಸರ್ವರಿನಿಂದ ಅಂಚೆಯನ್ನು ಇಳಿಸಿಕೊಳ್ಳುವ ಪಾಪ್ (POP) ಎಂಬ ವಿಧಾನವನ್ನು. 1984ರಲ್ಲಿ ಮೊದಲ ರೂಪ ಪಡೆದು, ಈಗಲೂ ಚಾಲ್ತಿಯಲ್ಲಿರುವ ಮೂರನೆಯ ಆವೃತ್ತಿಯಾಗಿ ಬೆಳೆದ ಈ ವಿಧಾನದ ಹಿಂದಿರುವುದು, ಸಂಪರ್ಕ ಸ್ವಲ್ಪ ಹೊತ್ತು ಮಾತ್ರ ಸಿಗುವ ಕಾಲದ ಯೋಚನೆ: ಬಾ, ಅಂಚೆಯನ್ನು ಎತ್ತಿಕೋ, ಹೊರಡು. ಅಂಚೆಯನ್ನು ಓದುವ ಇನ್ನೊಂದು ವಿಧಾನವಾದ ಐಮ್ಯಾಪ್‌ನ (IMAP) ಕಲ್ಪನೆ ಬೇರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಅಂಚೆ ಸರ್ವರಿನಲ್ಲೇ ಇರುತ್ತದೆ. ತಂತ್ರಾಂಶಗಳು ಅದನ್ನು ಅಲ್ಲಿಯೇ ಓದಿ, ಅಲ್ಲಿಯೇ ಗುರುತು ಹಾಕುತ್ತವೆ. ಒಂದಕ್ಕಿಂತ ಹೆಚ್ಚು ಸಾಧನ ಇರುವವರಿಗೆ ಐಮ್ಯಾಪ್ ಅಲ್ಲದೆ ಬೇರೆ ದಾರಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಅಂಚೆಯ ಒಂದು ಪ್ರತಿಯನ್ನು ತನ್ನ ಡಿಸ್ಕಿನಲ್ಲಿ ಕಾಪಿಡಬೇಕು ಎನ್ನುವವರಿಗೆ ಮಾತ್ರ ಪಾಪ್ ಇಂದಿಗೂ ಉಪಯುಕ್ತ, ಅದೂ ಸರ್ವರಿನ ಪ್ರತಿ ಉಳಿಯುವಂತೆ ನೋಡಿಕೊಂಡರೆ.

ಅಂಚೆಯನ್ನು ಮರಳಿ ತರಲು ಆ ಲ್ಯಾಪ್‌ಟಾಪಿಗೆ ಅದೇ ಖಾತೆಯನ್ನು ಐಮ್ಯಾಪ್ ಮೂಲಕ ಎರಡನೆಯ ಖಾತೆಯಾಗಿ ಸೇರಿಸಿದೆ. ಪಾಪ್ ಖಾತೆಯನ್ನೇ ಐಮ್ಯಾಪ್ ಆಗಿ ಬದಲಾಯಿಸಲು ಬರುವುದಿಲ್ಲ, ಹೊಸದಾಗಿಯೇ ಸೇರಿಸಬೇಕು. ನಂತರ ಡಿಸ್ಕಿನಲ್ಲಿದ್ದ ಸಂದೇಶಗಳನ್ನು ಇನ್ನೂರಿನ್ನೂರರಂತೆ ಆರಿಸಿ ಸರ್ವರಿನ ಫೋಲ್ಡರಿಗೆ ನಕಲು ಮಾಡಿದೆ. ಎಳೆದು ಬಿಟ್ಟು ಸ್ಥಳಾಂತರಿಸದೆ ನಕಲನ್ನೇ ಮಾಡಿದ್ದು ಬೇಕೆಂದೇ. ನಡುವೆ ಸಂಪರ್ಕ ಕಡಿದರೂ ಮೂಲ ಪ್ರತಿ ಕೈಯಲ್ಲಿರುತ್ತದೆ. ಎಲ್ಲ ಸಂದೇಶಗಳೂ ಮೇಲೇರಲು ಎರಡು ದಿನ ಹಿಡಿಯಿತು.

ಈ ಪ್ರಸಂಗದಿಂದ ನನಗೆ ಸ್ಪಷ್ಟವಾದದ್ದು, ಪ್ರವೇಶದ ಸೆಟ್ಟಿಂಗ್ಸ್ ಎರಡು ಕಡೆ ಇರುತ್ತವೆ ಎಂಬುದು: ಒಂದು ತಂತ್ರಾಂಶದ ಒಳಗೆ, ಇನ್ನೊಂದು ಖಾತೆಯ ಕಡೆ. ಉದಾಹರಣೆಗೆ ಜೀಮೇಲ್‌ನಲ್ಲಿ, ಪಾಪ್ ಮೂಲಕ ಅಂಚೆಯನ್ನು ಎತ್ತಿಕೊಂಡ ಮೇಲೆ ಸರ್ವರಿನ ಪ್ರತಿಯನ್ನು ಹಾಗೆಯೇ ಇಡಬೇಕೇ, ಓದಿದ್ದೆಂದು ಗುರುತಿಸಬೇಕೇ, ಆರ್ಕೈವ್ ಮಾಡಬೇಕೇ, ಅಳಿಸಬೇಕೇ ಎಂಬುದನ್ನು ಖಾತೆಯ ಪುಟದಲ್ಲೇ ಆರಿಸಬಹುದು. ಪಾಪ್ ಅನ್ನು ಪೂರ್ತಿಯಾಗಿ ನಿಷ್ಕ್ರಿಯಗೊಳಿಸಲೂ ಬರುತ್ತದೆ. ಬಳಸದ ಬಾಗಿಲನ್ನು ಖಾತೆಯ ಕಡೆಯಿಂದಲೇ ಮುಚ್ಚಿದ್ದರೆ, ಮೂಲೆಯಲ್ಲಿದ್ದ ಯಾವ ಹಳೆಯ ಯಂತ್ರವೂ ನನ್ನ ಅಂಚೆಯನ್ನು ಎತ್ತಿಕೊಂಡು ಹೋಗಲು ಸಾಧ್ಯವಿರಲಿಲ್ಲ.

ಎರಡನೆಯ ತೊಡಕು ಬಂದದ್ದು ಪಾಸ್‌ವರ್ಡಿನ ವಿಷಯದಲ್ಲಿ. ಹೊರಗಿನ ತಂತ್ರಾಂಶಕ್ಕೆ ಖಾತೆಯ ಪಾಸ್‌ವರ್ಡನ್ನೇ ಕೊಡುವ ಹಳೆಯ ಪದ್ಧತಿಯನ್ನು ದೊಡ್ಡ ಸೇವೆಗಳು ಒಂದೊಂದಾಗಿ ನಿಲ್ಲಿಸಿದವು: ಗೂಗಲ್ ವೈಯಕ್ತಿಕ ಖಾತೆಗಳಲ್ಲಿ 2022ರ ಮೇ 30ರಿಂದ, ಮೈಕ್ರೋಸಾಫ್ಟ್ ಸಂಸ್ಥೆಗಳ ಖಾತೆಗಳಲ್ಲಿ 2022ರ ಅಕ್ಟೋಬರಿನಿಂದ ಮತ್ತು ವೈಯಕ್ತಿಕ ಖಾತೆಗಳಲ್ಲಿ 2024ರ ಸೆಪ್ಟೆಂಬರ್ 16ರಿಂದ. ನನ್ನ ಖಾತೆಯಲ್ಲಿ ಈ ಬದಲಾವಣೆ ಆದ ದಿನ ತೆರೆಯ ಮೇಲೆ ಬಂದದ್ದು, ಬಳಕೆದಾರನ ಹೆಸರು ಅಥವಾ ಪಾಸ್‌ವರ್ಡ್ ತಪ್ಪಾಗಿದೆ ಎಂಬ ಒಂದೇ ಸಾಲು. ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಅದನ್ನು ಒಪ್ಪಿಸುವ ವಿಧಾನ ಮಾತ್ರ ಸರ್ವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಇದು ತಿಳಿಯದೆ ಮೂರು ಬಾರಿ ಟೈಪ್ ಮಾಡಿ, ಕೊನೆಗೆ ಪಾಸ್‌ವರ್ಡನ್ನೇ ಬದಲಾಯಿಸಿ, ಅಲ್ಲಿಯವರೆಗೆ ಸರಿಯಾಗಿದ್ದ ಫೋನನ್ನೂ ಖಾತೆಯಿಂದ ಹೊರಗೆ ಹಾಕಿದೆ. ಬ್ರೌಸರಿನಲ್ಲಿ ಅದೇ ಪಾಸ್‌ವರ್ಡಿನಿಂದ ಒಳಗೆ ಹೋಗಲು ಆಗುತ್ತಿದೆಯಾದರೆ ಪಾಸ್‌ವರ್ಡನ್ನು ಮುಟ್ಟಬೇಡಿ, ದೃಢೀಕರಣದ ವಿಧಾನವನ್ನು ನೋಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಥಂಡರ್‌ಬರ್ಡಿನಲ್ಲಿ ಇದರ ಪರಿಹಾರ ಸುಲಭ. ಖಾತೆಯ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ದೃಢೀಕರಣದ ವಿಧಾನವನ್ನು ಸಾಮಾನ್ಯ ಪಾಸ್‌ವರ್ಡಿನಿಂದ ಓಆತ್2 (OAuth2) ಎಂಬುದಕ್ಕೆ ಬದಲಾಯಿಸಿದರೆ, ಸೇವೆಯ ಲಾಗಿನ್ ಪುಟವೇ ಒಂದು ಚಿಕ್ಕ ಕಿಟಕಿಯಲ್ಲಿ ತೆರೆಯುತ್ತದೆ. ಅಲ್ಲಿ ಒಪ್ಪಿಗೆ ಕೊಟ್ಟ ಮೇಲೆ ತಂತ್ರಾಂಶಕ್ಕೆ ಸಿಗುವುದು ಪಾಸ್‌ವರ್ಡ್ ಅಲ್ಲ, ಯಾವಾಗ ಬೇಕಾದರೂ ಹಿಂಪಡೆಯಬಹುದಾದ ಒಂದು ಟೋಕನ್, ಅಂದರೆ ಪ್ರವೇಶದ ಚೀಟಿ. ನಾನು ಎಡವಿದ್ದು ಎರಡು ಕಡೆ. ಜಾಲತಾಣಗಳು ನಮ್ಮ ಯಂತ್ರದಲ್ಲಿ ಇಡುವ ಪುಟ್ಟ ಗುರುತುಗಳಾದ ಕುಕೀಗಳನ್ನು ತಂತ್ರಾಂಶದಲ್ಲಿ ನಿಷೇಧಿಸಿದ್ದರಿಂದ ಲಾಗಿನ್ ಪುಟ ಮುಂದಕ್ಕೆ ಹೋಗಲಿಲ್ಲ. ಅದನ್ನು ಸರಿಪಡಿಸಿದ ಮೇಲೆ ಅಂಚೆ ಬರತೊಡಗಿತು, ಆದರೆ ಹೋಗುತ್ತಿರಲಿಲ್ಲ, ಏಕೆಂದರೆ ಹೊರಹೋಗುವ ಅಂಚೆಯ ಸರ್ವರ್, ಅಂದರೆ ಎಸ್‌ಎಂಟಿಪಿ, ಸೆಟ್ಟಿಂಗ್ಸ್‌ನ ಪಟ್ಟಿಯ ಕೆಳತುದಿಯಲ್ಲಿ ಪ್ರತ್ಯೇಕವಾಗಿರುತ್ತದೆ ಮತ್ತು ಅಲ್ಲಿಯೂ ಅದೇ ಬದಲಾವಣೆಯನ್ನು ಕೈಯಾರೆ ಮಾಡಬೇಕಾಗುತ್ತದೆ. ಪೋರ್ಟುಗಳನ್ನು, ಅಂದರೆ ಸರ್ವರಿನ ಯಾವ ಬಾಗಿಲಿಗೆ ಸಂಪರ್ಕ ಎಂಬುದನ್ನು ಹೇಳುವ ಸಂಖ್ಯೆಗಳನ್ನು, ಅದೇ ಕೂತಲ್ಲಿ ಪರಿಶೀಲಿಸಿದೆ: ಐಮ್ಯಾಪ್‌ಗೆ 993, ಕಳಿಸುವುದಕ್ಕೆ 465. ಇವೆರಡರಲ್ಲೂ ಮೊದಲ ಕ್ಷಣದಿಂದಲೇ ಸಂಪರ್ಕ ಗೂಢಲಿಪಿಯಲ್ಲಿರುತ್ತದೆ. 587ರಲ್ಲಿ ಸಂಪರ್ಕ ತೆರೆದ ರೂಪದಲ್ಲಿ ಆರಂಭವಾಗಿ ನಂತರ ಗೂಢಲಿಪಿಗೆ ಹೊರಳುತ್ತದೆ. ಅದೂ ನಡೆಯುತ್ತದೆ, ಆದರೂ ಆಯ್ಕೆ ಇರುವಲ್ಲಿ ನಾನು 465ನ್ನೇ ಆರಿಸುತ್ತೇನೆ.

ಪ್ರಿಂಟರಿನ ಕಥೆ ಇಷ್ಟು ಸಲೀಸಾಗಿರಲಿಲ್ಲ. ಲಾಗಿನ್ ಪುಟವನ್ನು ತೆರೆದು ತೋರಿಸುವ ಶಕ್ತಿ ಅದಕ್ಕಿಲ್ಲ. ಇಂಥ ಸಾಧನಗಳಿಗೆಂದೇ ಆಪ್ ಪಾಸ್‌ವರ್ಡ್ ಎಂಬ ವ್ಯವಸ್ಥೆ ಇದೆ. ಗೂಗಲ್‌ನಲ್ಲಾದರೆ ಮೊದಲು ಎರಡು ಹಂತದ ದೃಢೀಕರಣವನ್ನು ಆನ್ ಮಾಡಬೇಕು. ಆಮೇಲೆ ಹೆಸರೊಂದನ್ನು ಕೊಟ್ಟರೆ 16 ಅಕ್ಷರಗಳ ಗುಪ್ತಪದ ಸಿಗುತ್ತದೆ, ಅದೂ ಒಮ್ಮೆ ಮಾತ್ರ ಕಾಣಿಸುತ್ತದೆ. ಗೂಗಲ್‌ನಲ್ಲಿ ಖಾತೆಯ ಪಾಸ್‌ವರ್ಡ್ ಬದಲಾದರೆ ಈ ಆಪ್ ಪಾಸ್‌ವರ್ಡುಗಳೆಲ್ಲ ರದ್ದಾಗುತ್ತವೆ ಎಂಬುದನ್ನೂ ನೆನಪಿಡಬೇಕು. ನನ್ನ ಖಾತೆಯಲ್ಲಿಯೂ ಅಂಥದ್ದೇ ಒಂದನ್ನು ಪಡೆದು, ಪ್ರಿಂಟರಿನ ಪುಟ್ಟ ತೆರೆಯ ಮೇಲೆ ಒಂದೊಂದೇ ಅಕ್ಷರವನ್ನು ಒತ್ತಿ ತುಂಬಿಸಿದೆ. ಪರೀಕ್ಷೆಗೆಂದು ಸ್ಕ್ಯಾನ್ ಮಾಡಿದ ಹಾಳೆ ಅರ್ಧ ನಿಮಿಷದಲ್ಲಿ ಇನ್‌ಬಾಕ್ಸಿಗೆ ಬಂತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ಗುಪ್ತಪದ ಕಳಿಸುವುದಕ್ಕೆ ಮಾತ್ರವೋ, ಓದುವುದಕ್ಕೂ ಆಗುತ್ತದೆಯೋ ಎಂಬ ಸಂಶಯ ಬಂದು, ಥಂಡರ್‌ಬರ್ಡಿನಲ್ಲಿ ಖಾಲಿ ಪ್ರೊಫೈಲ್ (ಖಾತೆ, ಅಂಚೆ, ಸೆಟ್ಟಿಂಗ್ಸ್ ಇರುವ ಪ್ರತ್ಯೇಕ ಕಡತಕೋಶ) ಒಂದನ್ನು ತೆರೆದು ಅದೇ 16 ಅಕ್ಷರಗಳನ್ನು ಕೊಟ್ಟು ನೋಡಿದೆ. ಎರಡನೆಯ ಹಂತದ ಪ್ರಶ್ನೆಯೇ ಇಲ್ಲದೆ ಇನ್‌ಬಾಕ್ಸ್, ಕಳಿಸಿದ ಅಂಚೆ, ಬ್ಯಾಂಕಿನ ಪತ್ರಗಳು, ಎಲ್ಲವೂ ಒಂದೊಂದಾಗಿ ಪಟ್ಟಿಯಲ್ಲಿ ಮೂಡಿದವು. ಪ್ರಿಂಟರಿನ ಸ್ಮೃತಿಯಲ್ಲಿ ಕೂತಿದ್ದ ಆ ಪದ ನನ್ನ ಇಡೀ ಅಂಚೆಗೆ ಬೀಗದ ಕೈಯಾಗಿತ್ತು. ಅಂದೇ ಅದನ್ನು ರದ್ದುಮಾಡಿ, ಪ್ರಿಂಟರಿಗೆಂದು ಬೇರೊಂದು ಖಾತೆಯನ್ನು ತೆರೆದೆ. ಅದರಲ್ಲಿ ಸ್ಕ್ಯಾನ್ ಪ್ರತಿಗಳ ಹೊರತು ಏನೂ ಇಲ್ಲ. ಕ್ಯಾಮೆರಾ, ಪ್ರಿಂಟರ್ ಮುಂತಾದ ಯಂತ್ರಗಳಿಗೆ ಮುಖ್ಯ ಖಾತೆಯ ಆಪ್ ಪಾಸ್‌ವರ್ಡನ್ನು ಕೊಡಲೇಬಾರದು ಎಂಬ ನಿಲುವಿಗೆ ನಾನು ಬಂದದ್ದು ಆ ಪಟ್ಟಿಯನ್ನು ಕಣ್ಣಾರೆ ಕಂಡ ಮೇಲೆ.

ನಂತರ ಖಾತೆಯ ಭದ್ರತಾ ಪುಟದಲ್ಲಿ ಕೂತು ಪ್ರವೇಶಗಳನ್ನೆಲ್ಲ ಎಣಿಸಿದೆ. ಹಳೆಯ ಆಪ್ ಪಾಸ್‌ವರ್ಡುಗಳು ನಾಲ್ಕಿದ್ದವು, ನಾಲ್ಕಕ್ಕೂ ‘ಮೇಲ್’ ಎಂದೇ ಹೆಸರು. ಯಾವುದು ಯಾವ ಸಾಧನದ್ದೆಂದು ತಿಳಿಯುವ ದಾರಿಯೇ ಇಲ್ಲದ್ದರಿಂದ ನಾಲ್ಕನ್ನೂ ಅಳಿಸಿದೆ. ಒಂದು ವಾರ ಕಾದರೂ ಯಾವುದೂ ನಿಂತುಹೋಗಲಿಲ್ಲ. ಈಗ ಕೊಡುವ ಪ್ರತಿ ಹೆಸರಿನಲ್ಲೂ ಸಾಧನ, ತಂತ್ರಾಂಶ, ತಿಂಗಳು ಮೂರೂ ಇರುತ್ತವೆ. ಹಾಗೆಯೇ ಫಾರ್ವರ್ಡಿಂಗ್ ಮತ್ತು ಫಿಲ್ಟರುಗಳನ್ನೂ ನೋಡಿದೆ. ಹಿಂದೊಮ್ಮೆ ನಾನೇ ಹಾಕಿದ್ದ ಒಂದು ಫಿಲ್ಟರ್, ನಾನು ತೆರೆಯುವುದನ್ನೇ ಬಿಟ್ಟಿದ್ದ ಖಾತೆಗೆ ಕೆಲವು ಪತ್ರಗಳ ಪ್ರತಿಯನ್ನು ಇನ್ನೂ ಕಳಿಸುತ್ತಲೇ ಇತ್ತು. ಪಾಸ್‌ವರ್ಡನ್ನು ಎಷ್ಟು ಸಲ ಬದಲಾಯಿಸಿದರೂ ಫಾರ್ವರ್ಡಿಂಗ್ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ಲಾಗಿನ್ ಆಗುವುದಿಲ್ಲ. ಖಾತೆಯೇ ಅಂಚೆಯನ್ನು ಹೊರಗೆ ಕೊಡುತ್ತಿರುತ್ತದೆ. ಖಾತೆಗೆ ಯಾರಾದರೂ ನುಗ್ಗಿದ ಅನುಮಾನವಿದ್ದವರು ಮೊದಲು ತೆರೆಯಬೇಕಾದ ಪುಟಗಳಲ್ಲಿ ಇದೂ ಒಂದು.

ಮೂರು ತಿಂಗಳಿಗೊಮ್ಮೆ ಈ ಪಟ್ಟಿಯನ್ನು ಮತ್ತೆ ಓದುತ್ತೇನೆ, ಹತ್ತು ನಿಮಿಷ ಸಾಕು. ಹಳೆಯ ಲ್ಯಾಪ್‌ಟಾಪನ್ನು ಮೊನ್ನೆ ಬೇರೆಯವರಿಗೆ ಕೊಡುವಾಗ, ಮೊದಲು ಖಾತೆಯ ಕಡೆಯಿಂದ ಅದರ ಪ್ರವೇಶವನ್ನು ತೆಗೆದುಹಾಕಿ, ಆಮೇಲೆ ಅದರಲ್ಲಿ ಮೇಲ್ ತಂತ್ರಾಂಶವನ್ನು ತೆರೆದೆ. ಹೊಸ ಅಂಚೆಗೆ ಲಾಗಿನ್ ಕೇಳಿತು, ಆದರೆ ಇಳಿದುಕೊಂಡಿದ್ದ ಹಳೆಯ ಪತ್ರಗಳೆಲ್ಲ ಹಾಗೆಯೇ ತೆರೆದುಕೊಂಡವು. ಪ್ರೊಫೈಲ್ ಫೋಲ್ಡರನ್ನು ಅಳಿಸಿ, ಡಿಸ್ಕನ್ನು ಪೂರ್ತಿಯಾಗಿ ಒರೆಸಿದ ಮೇಲಷ್ಟೇ ಅದನ್ನು ಕೈದಾಟಿಸಿದೆ.