ಹಿಂದೆ ಮುಂದೆ ಜಗ್ಗಿದ ಮೆರವಣಿಗೆ: ಮದುವೆ ಡಿವಿಡಿಯನ್ನು ಎಂಪಿ4 ಮಾಡಿದ ಅನುಭವ

ನಿಟ್ಟುವಳ್ಳಿಯ ಅಕ್ಕ ಒಬ್ಬರು ಮೂರು ಡಿವಿಡಿ ತಂದು ಟೇಬಲ್ ಮೇಲಿಟ್ಟರು. 2005ರ ಮದುವೆ. "ಪ್ಲೇಯರ್ ಕೆಟ್ಟು ಎಷ್ಟೋ ವರ್ಷ ಆತ್ರಿ. ಪೆನ್‌ಡ್ರೈವಿಗೆ ಹಾಕ್ಕೊಡ್ರಿ, ಟಿವೀಲಿ ನೋಡ್ತೀವಿ" ಅಂದರು. ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಸೀಸನ್ನಿನಲ್ಲಿ ಮದುವೆ. ಇಂಥ ಡಿವಿಡಿ ಆಗಾಗ ಬರುತ್ತಲೇ ಇರುತ್ತವೆ.

ಮೊದಲೆಲ್ಲ ಯಾವುದೋ ಫ್ರೀ ಕನ್ವರ್ಟರ್ ಹಾಕಿಕೊಂಡಿದ್ದೆ. ಮದುಮಗಳ ಹಣೆ ಮೇಲೆ ತನ್ನ ಹೆಸರು ಅಚ್ಚು ಹಾಕುತ್ತಿತ್ತು. ಅದನ್ನು ತೆಗೆಯೋಕೆ ದುಡ್ಡು ಕೇಳುತ್ತಿತ್ತು. ಬೇಸತ್ತು ಹಳೇ ಲ್ಯಾಪ್‌ಟಾಪಿಗೆ ಉಬುಂಟು ಅನ್ನುವ ಫ್ರೀ ಆಪರೇಟಿಂಗ್ ಸಿಸ್ಟಂ ಹಾಕಿ ಎಫ್‌ಎಫ್‌ಎಂಪೆಗ್ ಕಲಿತೆ. 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ, ವಿಡಿಯೋ ಕನ್ವರ್ಟ್ ಮಾಡುವ ಪ್ರೋಗ್ರಾಂ. ಬಟನ್ ಇಲ್ಲ, ಮೆನು ಇಲ್ಲ, ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಬೇಕು. ನೀವು ವಿಎಲ್‌ಸಿಯಲ್ಲಿ ವಿಡಿಯೋ ನೋಡುವಾಗಲೂ ಒಳಗೆ ಬಹುಪಾಲು ಕೆಲಸ ಮಾಡೋದು ಇದರ ಲೈಬ್ರರಿಯೇ.

ಡಿವಿಡಿ ಒಳಗೆ ವಿಡಿಯೋ ಇರೋದು ವಿಒಬಿ ಅನ್ನುವ ಫೈಲುಗಳಲ್ಲಿ. ಒಂದೊಂದು ಹೆಚ್ಚೆಂದರೆ 1 ಜಿಬಿ. ಹೆಸರಿನ ಕೊನೆಗೆ 0 ಇರೋದು ಮೆನು, ಅದು ಬೇಡ. 1ರಿಂದ ಮುಂದಿನವನ್ನು ಮೊದಲು ಕ್ಯಾಟ್ ಕಮಾಂಡಿನಿಂದ ಸಾಲಾಗಿ ಒಂದೇ ಫೈಲ್ ಮಾಡಿಕೊಳ್ಳಿ. ಬೇರೆ ಬೇರೆ ಕನ್ವರ್ಟ್ ಮಾಡಿ ಆಮೇಲೆ ಅಂಟಿಸಿದರೆ ಆ ಜಾಗದಲ್ಲಿ ಚಿತ್ರ ಎಗರುತ್ತದೆ. ಒಂದು ಸಲ ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೇ ಎಗರಿತ್ತು. ಆವತ್ತು ಬೈಸಿಕೊಂಡಿದ್ದು ಇನ್ನೂ ನೆನಪಿದೆ.

ಈ ಅಕ್ಕನ ಡಿವಿಡಿಯಲ್ಲಿ ತಲೆ ಕೆಡಿಸಿದ್ದು ಬೇರೆ. ಕನ್ವರ್ಟ್ ಆಯಿತು, ಹಚ್ಚಿ ನೋಡಿದೆ. ಅಕ್ಕಿಕಾಳು ಹಾಕುವಾಗ ಒಂದೊಂದು ಕಾಳೂ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಗೆರೆ. ಕೈ ಎತ್ತಿದವರ ಬೆರಳೂ ಹಾಗೇ. ಆ ಕಾಲದ ಕ್ಯಾಮೆರಾ ಸೆಕೆಂಡಿಗೆ 25 ಪೂರ್ತಿ ಚಿತ್ರ ಹಿಡಿಯುತ್ತಿರಲಿಲ್ಲ, 50 ಅರ್ಧ ಚಿತ್ರ ಹಿಡಿಯುತ್ತಿತ್ತು. ಒಮ್ಮೆ ಸಮ ಗೆರೆಗಳು, ಒಮ್ಮೆ ಬೆಸ ಗೆರೆಗಳು. ಹಳೇ ಡಬ್ಬಾ ಟಿವಿಗೆ ಅದು ಸರಿ. ಈಗಿನ ಪರದೆಯಲ್ಲಿ ಎರಡನ್ನೂ ಒಟ್ಟಿಗೆ ಹಾಕಿದರೆ ಓಡಾಡುವುದೆಲ್ಲ ಸೀಳಿದ ಹಾಗೆ ಕಾಣುತ್ತದೆ.

ಇದಕ್ಕೆ ಎಫ್‌ಎಫ್‌ಎಂಪೆಗ್ ಒಳಗೇ ಯಾಡಿಫ್ ಅನ್ನುವ ಫಿಲ್ಟರ್ ಇದೆ. ಮೋಡ್ 1 ಕೊಟ್ಟರೆ ಅರ್ಧ ಚಿತ್ರಗಳಿಂದ ಸೆಕೆಂಡಿಗೆ 50 ಪೂರ್ತಿ ಚಿತ್ರ ಮಾಡಿಕೊಡುತ್ತದೆ. ಕೊಟ್ಟೆ. ಗೆರೆ ಹೋಯಿತು. ಆದರೆ ಮೆರವಣಿಗೆ ಬಂತು ನೋಡಿ, ಡೊಳ್ಳಿನವರು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ! ಕಾರು ಕೂಡ ನಡುಗುತ್ತಾ ಬರುತ್ತಿತ್ತು. ಲ್ಯಾಪ್‌ಟಾಪ್ ಸೋತಿದೆ ಅಂದುಕೊಂಡು ರೀಸ್ಟಾರ್ಟ್ ಮಾಡಿದೆ, ಇನ್ನೊಂದು ಟಿವಿಗೆ ಹಾಕಿದೆ. ಸುಮ್ನೆ ಎರಡು ದಿನ ಹಾಳು.

ಆಮೇಲೆ ಐಡೆಟ್ ಫಿಲ್ಟರ್ ಓಡಿಸಿದೆ. ಅದು ಕನ್ವರ್ಟ್ ಮಾಡಲ್ಲ, ಯಾವ ಅರ್ಧ ಮೊದಲು ಬಂದಿದೆ ಅಂತ ಎಣಿಸಿ ಹೇಳುತ್ತದೆ, ಅಷ್ಟೇ. ಹೆಚ್ಚುಕಡಿಮೆ ಎಲ್ಲವೂ ಬಿಎಫ್‌ಎಫ್, ಅಂದರೆ ಕೆಳಗಿನ ಅರ್ಧ ಮೊದಲು. ಮಿನಿ ಡಿವಿ ಕ್ಯಾಸೆಟ್ಟಿನ ಕ್ಯಾಮೆರಾ ಹಾಗೇ ಬರೆಯುತ್ತದೆ. ಡಿವಿಡಿ ಮಾಡಿದವರು ಮೇಲಿನದು ಮೊದಲು ಅಂತ ಗುರುತು ಹಾಕಿಬಿಟ್ಟಿದ್ದರು. ಯಾಡಿಫ್ ಆ ಗುರುತನ್ನೇ ನಂಬಿತ್ತು. ಮೋಡಿನ ಪಕ್ಕ ಕೋಲನ್ ಹಾಕಿ ಇನ್ನೊಂದು 1 ಕೊಟ್ಟರೆ "ಗುರುತು ನೋಡಬೇಡ, ಕೆಳಗಿನದೇ ಮೊದಲು" ಅಂದ ಹಾಗೆ. ಡೊಳ್ಳಿನವರು ನೆಟ್ಟಗೆ ನಡೆದರು.

ಉಳಿದದ್ದು ಸಲೀಸು. ಡಿವಿಡಿ ಚಿತ್ರ 720 ಪಿಕ್ಸೆಲ್ ಅಡ್ಡ, 576 ಉದ್ದ. ಕೆಲವು ಟಿವಿ ಅದನ್ನು ಹಾಗೇ ತೋರಿಸಿ ಮದುಮಗನನ್ನು ಸಣಕಲು ಮಾಡುತ್ತವೆ. ಅದಕ್ಕೆ 768ಕ್ಕೆ ಹಿಗ್ಗಿಸುತ್ತೇನೆ. ವಿಡಿಯೋವನ್ನು ಎಚ್.264 ಬಗೆಯಲ್ಲಿ ಕುಗ್ಗಿಸೋಕೆ ಎಕ್ಸ್264, ಆಡಿಯೋ ಕುಗ್ಗಿಸೋಕೆ ಎಎಸಿ. ಅದಕ್ಕಿಂತ ಹೊಸದಾದ ಎಚ್‌ಇವಿಸಿ ಮಾಡಿದರೆ ಫೈಲ್ ಚಿಕ್ಕದಾಗುತ್ತದೆ ನಿಜ, ಆದರೆ ಹಳೇ ಟಿವಿ ಮುಖ ತಿರುಗಿಸುತ್ತದೆ. ಗುಣಮಟ್ಟದ ಸಿಆರ್‌ಎಫ್ ನಂಬರ್ ಏನೂ ಹೇಳದಿದ್ದರೆ 23. ಹಳೇ ಮದುವೆಗೆ ನಾನು 20 ಇಡುತ್ತೇನೆ. ನಂಬರ್ ಕಡಿಮೆ ಆದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಎರಡು ಗಂಟೆಯ ಡಿವಿಡಿಗೆ ನನ್ನ ಲ್ಯಾಪ್‌ಟಾಪ್ ಒಂದು ಗಂಟೆ ತಗೊಳ್ಳುತ್ತದೆ. ಹಚ್ಚಿಟ್ಟು ಹೋಗಿ ಬೆಣ್ಣೆ ದೋಸೆ ತಿಂದು ಬರಬಹುದು.

ಈಗ ಮಾತ್ರ ಪೂರ್ತಿ ಹಚ್ಚುವ ಮುಂಚೆ 20 ಸೆಕೆಂಡ್ ತುಂಡು ಮಾಡಿ ನೋಡುತ್ತೇನೆ. ಮೈನಸ್ ಎಸ್‌ಎಸ್ ಅಂತ ಕೊಟ್ಟು ಎಲ್ಲಿಂದ, ಮೈನಸ್ ಟಿ ಕೊಟ್ಟು ಎಷ್ಟು ಹೊತ್ತು. ಸ್ಟೇಜ್ ಮೇಲೆ ಸುಮ್ಮನೆ ನಿಂತವರ ತುಂಡು ತಗೋಬೇಡಿ, ಅದರಲ್ಲಿ ಯಾವ ತಪ್ಪೂ ಕಾಣಲ್ಲ. ಮೆರವಣಿಗೆಯದು ತಗೊಳ್ಳಿ.

ಚಿತ್ರದುರ್ಗದಲ್ಲಿರುವ ನನ್ನ ಚಿಕ್ಕಪ್ಪನ ಮಗನ ಕಥೆ ಇದಕ್ಕೆ ಉಲ್ಟಾ. ಏಳುಸುತ್ತಿನ ಕೋಟೆಯಲ್ಲಿ ತೆಗೆದ ನಲವತ್ತು ಎಂಟಿಎಸ್ ಕ್ಲಿಪ್ (ಕ್ಯಾಮ್‌ಕಾರ್ಡರ್ ಬರೆಯುವ ಒಂದು ಬಗೆಯ ಫೈಲ್) ಇಟ್ಟುಕೊಂಡು ಒಂದೊಂದನ್ನೂ ಗಂಟೆಗಟ್ಟಲೆ ಕನ್ವರ್ಟ್ ಮಾಡ್ತಾ ಕೂತಿದ್ದ. ಅದರ ಒಳಗಿರೋದು ಮೊದಲೇ ಎಚ್.264, ಡಬ್ಬಿ ಬದಲಾಯಿಸಿದರೆ, ಅಂದರೆ ಅದೇ ವಿಡಿಯೋವನ್ನು ಎತ್ತಿ ಎಂಪಿ4 ಫೈಲಿಗೆ ಹಾಕಿದರೆ ಸಾಕು. "ಮೈನಸ್ ಸಿ ಕೋಲನ್ ವಿ, ಒಂದು ಸ್ಪೇಸ್, ಕಾಪಿ ಅಂತ ಹೊಡಿ" ಅಂತ ಫೋನಿನಲ್ಲೇ ಹೇಳಿದೆ. ಆಡಿಯೋ ಮಾತ್ರ ಎಎಸಿ. ಒಂದು ಕ್ಲಿಪ್ ಸೆಕೆಂಡುಗಳಲ್ಲಿ ಮುಗಿಯಿತು. ಖುಷಿಯಾಗಿ ಎಲ್ಲಾ ಹೆಸರನ್ನೂ ಪಟ್ಟಿ ಮಾಡಿ, ಒಂದೊಂದೇ ಸಾಲು ಓದುವ ವೈಲ್ ಲೂಪಿಗೆ ಹಾಕಿದ. ಮತ್ತೆ ಫೋನ್. "ಅಣ್ಣಾ, ಫೈಲೇ ಇಲ್ಲ ಅಂತೈತೆ. ಹೆಸರಿನ ಮೊದಲ ಅಕ್ಷರಗಳನ್ನ ಯಾರೋ ತಿಂದಾರೆ!" ತಿಂದಿದ್ದು ಎಫ್‌ಎಫ್‌ಎಂಪೆಗ್ಗೇ. ಕೆಲಸದ ಮಧ್ಯೆ ಅದು ಕೀಬೋರ್ಡಿನಿಂದ ಏನಾದರೂ ಬರುತ್ತದೇನೋ ಅಂತ ಓದುತ್ತಾ ಇರುತ್ತದೆ. ಲೂಪಿನಲ್ಲಿ ಅದರ ಬಾಯಿಗೆ ಸಿಕ್ಕಿದ್ದು ಪಟ್ಟಿ. ಮೈನಸ್ ನೋಎಸ್‌ಟಿಡಿಇನ್ ಅಂತ ಸೇರಿಸಿದ ಮೇಲೆ ಬಿಟ್ಟಿತು.

ನಿಟ್ಟುವಳ್ಳಿ ಅಕ್ಕ ಎರಡು ಡಿವಿಡಿ ವಿಡಿಯೋ ತಗೊಂಡು ಹೋದರು. ಮೂರನೆಯದರ ತುಂಬಾ ಗೀರು, ಡ್ರೈವ್ ಕರಕರ ಅನ್ನುತ್ತಾ ನಿಂತುಬಿಡುತ್ತದೆ. ಕೆಟ್ಟ ಡಿಸ್ಕಿನಿಂದ ಓದಲು ಆದಷ್ಟನ್ನು ಎತ್ತುವ ಡಿಡಿರೆಸ್ಕ್ಯೂ ಪ್ರೋಗ್ರಾಂ ಹಚ್ಚಿದ್ದೇನೆ. ಬೆಳಿಗ್ಗೆಯಿಂದ ಓಡ್ತಾ ಇದೆ. ಅದರಲ್ಲಿ ಇರೋದು ಊಟದ ಪಂಕ್ತಿ ಅಂತೆ.